ಸರಳ ಸಕ್ಕರೆಗಳು

ನೀರಿನೊಂದಿಗೆ ವರ್ತಿಸಿ ಇನ್ನೂ ಚಿಕ್ಕ ಸಕ್ಕರೆಗಳಾಗಿ ಒಡೆಯದ, ಕಾರ್ಬೊಹೈಡ್ರೇಟ್ ವರ್ಗದ ಅತಿ ಸಣ್ಣ ಘಟಕಗಳಿಗೆ ಸರಳ ಸಕ್ಕರೆಗಳೆಂದು ಹೆಸರು. ಶಾಸ್ತ್ರಗ್ರಂಥಗಳಲ್ಲಿ ಇವು ಏಕಶರ್ಕರಗಳು ಅಥವಾ ಮಾನೊಸ್ಯಾಕರೈಡುಗಳು. ದ್ರಾಕ್ಷಿ ಸಕ್ಕರೆಯೆಂದು ಕರೆಸಿಕೊಂಡ ಗ್ಲೂಕೋಸ್, ಹಣ್ಣು ಮತ್ತು ಜೇನಿನಲ್ಲಿರುವ ಫ್ರಕ್ಟೋಸ್, ಹಾಲಿನ ಸಕ್ಕರೆಯ ಅರ್ಧಭಾಗವಾದ ಗ್ಯಾಲಕ್ಟೋಸ್, ಆರ್‌ಎನ್‌ಎಯಲ್ಲಿರುವ ರೈಬೋಸ್ ಇವುಗಳಲ್ಲಿ ಮುಖ್ಯವಾದವು. ನಾವು ಕಾಫಿಗೆ ಹಾಕುವ ಸಕ್ಕರೆ ಈ ಗುಂಪಿಗೆ ಸೇರದು. ಅದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೂಡಿಕೊಂಡ ಜೋಡಿ ಸಕ್ಕರೆ, ಸುಕ್ರೋಸ್.

ನಾಲಿಗೆಗೆ ಸಕ್ಕರೆಯೆಂದರೆ ಸಿಹಿ. ಜೀವಕೋಶಕ್ಕೆ ಅದು ಉರುವಲು, ಗೋಡೆ ಕಟ್ಟುವ ಇಟ್ಟಿಗೆ, ಆನುವಂಶಿಕ ಬರಹದ ಬೆನ್ನೆಲುಬು, ಮೈಮೇಲೆ ಹೊತ್ತ ಗುರುತು. ಒಂದೇ ಕುಲದ ಪುಟ್ಟ ಅಣುಗಳು ಇಷ್ಟೆಲ್ಲ ಕೆಲಸಕ್ಕೆ ಒದಗುವುದು ಅವುಗಳ ಆಕಾರದ ಬಲದಿಂದ. ಒಂದು ಇಂಗಾಲಕ್ಕೆ ಅಂಟಿದ ಗುಂಪು ಯಾವ ಕಡೆಗೆ ಮುಖ ಮಾಡಿದೆ ಎಂಬಷ್ಟರಿಂದಲೇ ಅದೇ ಗ್ಲೂಕೋಸ್ ಒಂದೆಡೆ ಅನ್ನದ ಪಿಷ್ಟವಾಗುತ್ತದೆ, ಇನ್ನೊಂದೆಡೆ ಮರದ ದಿಮ್ಮಿಯಾಗುತ್ತದೆ. ಈ ಲೇಖನದುದ್ದಕ್ಕೂ ಬರುವ ಸಂಗತಿಗಳನ್ನು ಒಂದು ದಾರದಲ್ಲಿ ಪೋಣಿಸುವುದು ಈ ಆಕಾರವೇ.

ಹೆಸರು

ಸಂಸ್ಕೃತದ ‘ಶರ್ಕರಾ’ ಎಂಬ ಮಾತಿಗೆ ಹರಳು, ಮರಳು, ಕಲ್ಲಿನ ಚೂರು ಎಂಬ ಅರ್ಥಗಳಿವೆ. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸಿದ ಪದಾರ್ಥಕ್ಕೂ ಅದೇ ಹೆಸರು ನಿಂತಿತು. ಅದು ಪ್ರಾಕೃತದ ಮೂಲಕ ಕನ್ನಡಕ್ಕೆ ‘ಸಕ್ಕರೆ’ಯಾಗಿ ಬಂತು. ಅದೇ ಪದ ವ್ಯಾಪಾರಿಗಳ ಜೊತೆ ಪಶ್ಚಿಮಕ್ಕೆ ಹೋಗಿ ಗ್ರೀಕಿನಲ್ಲಿ ‘ಸಾಕರೋನ್’ ಆಯಿತು. ಇಂದು ರಸಾಯನ ವಿಜ್ಞಾನಿಗಳು ಬಳಸುವ ‘ಮಾನೊಸ್ಯಾಕರೈಡ್’ ಎಂಬ ಪದದ ಹೊಟ್ಟೆಯಲ್ಲಿ ಇರುವುದು ನಮ್ಮ ಅಡುಗೆಮನೆಯ ಸಕ್ಕರೆಯೇ.

ರಚನೆ

ಹೆಚ್ಚಿನ ಸರಳ ಸಕ್ಕರೆಗಳಲ್ಲಿ ಇಂಗಾಲದ ಒಂದೊಂದು ಪರಮಾಣುವಿಗೂ ನೀರಿನ ಒಂದು ಅಣುವಿನಲ್ಲಿರುವಷ್ಟು ಜಲಜನಕ ಮತ್ತು ಆಮ್ಲಜನಕ ಇರುತ್ತವೆ. ‘ನೀರುಗೂಡಿದ ಇಂಗಾಲ’ ಎಂಬ ಅರ್ಥದ ಕಾರ್ಬೊಹೈಡ್ರೇಟ್ ಎಂಬ ಹೆಸರು ಬಂದದ್ದು ಈ ಲೆಕ್ಕದಿಂದ. ಒಲೆಯ ಮೇಲೆ ಪಾಕ ಸೀದುಹೋದಾಗ ನೀರು ಹಬೆಯಾಗಿ ಹೊರಟು, ಪಾತ್ರೆಯ ತಳದಲ್ಲಿ ಕರಿಯ ಇಂಗಾಲ ಉಳಿಯುವುದನ್ನು ಎಲ್ಲರೂ ನೋಡಿದ್ದೇವೆ.

ಇಂಗಾಲದ ಎಣಿಕೆಯ ಮೇಲೆ ಈ ಸಕ್ಕರೆಗಳನ್ನು ವಿಂಗಡಿಸುತ್ತಾರೆ. ಮೂರು ಇಂಗಾಲಗಳಿದ್ದರೆ ಟ್ರಯೋಸ್, ನಾಲ್ಕಿದ್ದರೆ ಟೆಟ್ರೋಸ್, ಐದಿದ್ದರೆ ಪೆಂಟೋಸ್, ಆರಿದ್ದರೆ ಹೆಕ್ಸೋಸ್, ಏಳಿದ್ದರೆ ಹೆಪ್ಟೋಸ್. ಅಣುವಿನ ತುದಿಯಲ್ಲಿ ಆಲ್ಡಿಹೈಡ್ ಗುಂಪಿದ್ದರೆ ಅದು ಆಲ್ಡೋಸ್. ಒಳಗಿನ ಇಂಗಾಲದ ಮೇಲೆ ಕೀಟೋನ್ ಗುಂಪಿದ್ದರೆ ಕೀಟೋಸ್. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡರಲ್ಲೂ 6 ಇಂಗಾಲ, 12 ಜಲಜನಕ, 6 ಆಮ್ಲಜನಕ ಪರಮಾಣುಗಳಿವೆ. ಆದರೆ ಮೊದಲನೆಯದು ಆಲ್ಡೋಸ್, ಎರಡನೆಯದು ಕೀಟೋಸ್.

ಇನ್ನೂ ಸೂಕ್ಷ್ಮವಾದ ಭೇದವೊಂದಿದೆ. ಗ್ಲೂಕೋಸಿನ ನಾಲ್ಕು ಇಂಗಾಲಗಳಲ್ಲಿ ಪ್ರತಿಯೊಂದಕ್ಕೂ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಂಡಿವೆ. ಇಂಥ ಒಂದೊಂದು ಇಂಗಾಲದಲ್ಲೂ ಗುಂಪುಗಳನ್ನು ಎರಡು ಬಗೆಯಲ್ಲಿ ಜೋಡಿಸಬಹುದಾದ್ದರಿಂದ ಒಟ್ಟು 16 ಸಕ್ಕರೆಗಳು ಸಾಧ್ಯ. ಹದಿನಾರಕ್ಕೂ ಸೂತ್ರ ಒಂದೇ, ಗುಣ ಬೇರೆ. ನಾಲ್ಕನೆಯ ಇಂಗಾಲದ ಹೈಡ್ರಾಕ್ಸಿಲ್ ಗುಂಪು ದಿಕ್ಕು ಬದಲಿಸಿದರೆ ಗ್ಲೂಕೋಸ್ ಗ್ಯಾಲಕ್ಟೋಸ್ ಆಗುತ್ತದೆ. ಎರಡನೆಯದು ಬದಲಿಸಿದರೆ ಮ್ಯಾನೋಸ್. ಇಡೀ ಅಣುವೇ ಕನ್ನಡಿಯ ಬಿಂಬದಂತೆ ತಿರುಗಿದರೆ, ಬಲಗೈಗೆ ಎಡಗೈ ಇದ್ದಂತೆ, ‘ಎಲ್’ ಬಗೆಯ ಗ್ಲೂಕೋಸ್ ಸಿಗುತ್ತದೆ. ಅದೂ ನಾಲಿಗೆಗೆ ಸಿಹಿಯೇ. ಆದರೆ ನಮ್ಮ ಕೋಶಗಳು ಅದನ್ನು ಉರುವಲಾಗಿ ಬಳಸಲಾರವು, ಏಕೆಂದರೆ ಕೋಶದ ಕಿಣ್ವಗಳು ‘ಡಿ’ ಬಗೆಯ ಗ್ಲೂಕೋಸಿಗೆ ಹೊಂದಿಕೊಂಡು ರೂಪುಗೊಂಡಿವೆ. ಎಡಗಾಲಿನ ಚಪ್ಪಲಿಗೆ ಬಲಗಾಲು ಒಗ್ಗದು.

ನೀರಿನಲ್ಲಿ ಕರಗಿದ ಗ್ಲೂಕೋಸ್ ಉದ್ದನೆಯ ಸರಪಳಿಯಾಗಿ ಇರುವುದು ತೀರ ವಿರಳ. ಅದರ ಎರಡು ಭಾಗಗಳು ಬಾಗಿ ಕೂಡಿಕೊಂಡು ಉಂಗುರವಾಗುತ್ತವೆ. ಉಂಗುರ ಮುಚ್ಚುವಾಗ ಮೊದಲನೆಯ ಇಂಗಾಲದ ಗುಂಪು ಎರಡು ದಿಕ್ಕಿನಲ್ಲಿ ನಿಲ್ಲಬಹುದು: ಒಂದು ಆಲ್ಫಾ, ಇನ್ನೊಂದು ಬೀಟಾ. ತಿಳಿನೀರಿನಲ್ಲಿ ಸುಮಾರು ಶೇ 36ರಷ್ಟು ಆಲ್ಫಾ, ಶೇ 64ರಷ್ಟು ಬೀಟಾ ಇರುತ್ತವೆ. ಬೀಟಾ ಗ್ಲೂಕೋಸಿನಲ್ಲಿ ದೊಡ್ಡ ಗುಂಪುಗಳೆಲ್ಲ ಉಂಗುರದ ಅಂಚಿಗೆ ಚಾಚಿಕೊಂಡಿದ್ದು, ಒಂದಕ್ಕೊಂದು ತಗುಲದೆ ನೆಮ್ಮದಿಯಾಗಿರುತ್ತವೆ. ಆರು ಇಂಗಾಲಗಳ ಆಲ್ಡೋಸುಗಳಲ್ಲಿ ಇಷ್ಟು ಸ್ಥಿರವಾದದ್ದು ಇನ್ನೊಂದಿಲ್ಲ. ಬಿಚ್ಚಿದ ಸರಪಳಿಯೇ ಪ್ರೋಟೀನುಗಳಿಗೆ ಹೋಗಿ ಅಂಟಿಕೊಳ್ಳುವ ರೂಪವಾದ್ದರಿಂದ, ಉಂಗುರವಾಗಿಯೇ ಉಳಿಯುವ ಗ್ಲೂಕೋಸ್ ರಕ್ತದಲ್ಲಿ ಹರಿದಾಡಲು ಹೆಚ್ಚು ಸುರಕ್ಷಿತ. ಜೀವಿಗಳು ಇದನ್ನೇ ತಮ್ಮ ಮುಖ್ಯ ಸಕ್ಕರೆಯಾಗಿ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವೆಂದು ಜೀವರಸಾಯನ ವಿಜ್ಞಾನಿಗಳು ಭಾವಿಸುತ್ತಾರೆ.

ಅಧ್ಯಯನದ ಚರಿತ್ರೆ

ಜರ್ಮನಿಯ ಆಂಡ್ರಿಯಾಸ್ ಮಾರ್ಗ್ರಾಫ್ 1747ರಲ್ಲಿ ಒಣದ್ರಾಕ್ಷಿಯಿಂದ ಗ್ಲೂಕೋಸನ್ನು ಬೇರ್ಪಡಿಸಿದ. ‘ಗ್ಲೂಕೋಸ್’ ಎಂಬ ಹೆಸರು ಫ್ರಾನ್ಸಿನಲ್ಲಿ 1838ರಲ್ಲಿ ಬಳಕೆಗೆ ಬಂತು. ಫ್ರಕ್ಟೋಸನ್ನು 1847ರಲ್ಲಿ ದ್ಯುಬ್ರುನ್‌ಫೋ ಗುರುತಿಸಿದ. ಆದರೆ ಇವುಗಳ ಒಳರಚನೆ ದಶಕಗಳ ಕಾಲ ಗುಟ್ಟಾಗಿಯೇ ಉಳಿಯಿತು. ಸಕ್ಕರೆಗಳು ಪಾಕವಾಗಿ ಅಂಟಂಟಾಗಿ ನಿಲ್ಲುತ್ತವೆಯೇ ಹೊರತು ಶುದ್ಧ ಹರಳಾಗಿ ಸುಲಭವಾಗಿ ಕೈಗೆ ಸಿಗುವುದಿಲ್ಲ.

ಈ ಗಂಟನ್ನು ಬಿಡಿಸಿದವನು ಎಮಿಲ್ ಫಿಶರ್. ತಾನೇ ಕಂಡುಹಿಡಿದಿದ್ದ ಫೀನೈಲ್ ಹೈಡ್ರಜೀನ್ ಎಂಬ ರಾಸಾಯನಿಕದಿಂದ ಸಕ್ಕರೆಗಳನ್ನು ಹಳದಿ ಹರಳುಗಳಾಗಿ ಮಾರ್ಪಡಿಸಿ, ಒಂದರೊಡನೆ ಒಂದನ್ನು ತಾಳೆ ನೋಡಿ, 1891ರಲ್ಲಿ ಗ್ಲೂಕೋಸಿನ ನಾಲ್ಕು ಇಂಗಾಲಗಳ ಜೋಡಣೆಯನ್ನು ನಿರ್ಧರಿಸಿದ. ಕನ್ನಡಿಯ ಎರಡು ಬಿಂಬಗಳಲ್ಲಿ ನಿಜವಾದದ್ದು ಯಾವುದೆಂದು ತಿಳಿಯುವ ಉಪಾಯ ಆಗ ಇರಲಿಲ್ಲ. ಫಿಶರ್ ಒಂದನ್ನು ಆರಿಸಿಕೊಂಡು ಮುಂದುವರಿದ. ಅರವತ್ತು ವರ್ಷಗಳ ನಂತರ, 1951ರಲ್ಲಿ, ಡಚ್ ವಿಜ್ಞಾನಿ ಬೈಫೂಟ್ ಎಕ್ಸ್ ಕಿರಣಗಳ ಸಹಾಯದಿಂದ ಆ ಆಯ್ಕೆ ಸರಿಯೆಂದು ತೋರಿಸಿದ. ಕಿಣ್ವಗಳು ಸಕ್ಕರೆಯ ಒಂದು ರೂಪವನ್ನು ಒಡೆದು ಇನ್ನೊಂದನ್ನು ಮುಟ್ಟದಿರುವುದನ್ನು ಕಂಡ ಫಿಶರ್, 1894ರಲ್ಲಿ ಬೀಗ ಮತ್ತು ಬೀಗದ ಕೈಯ ಹೋಲಿಕೆ ಕೊಟ್ಟ. ಇಂದಿಗೂ ಶಾಲೆಯಲ್ಲಿ ಕಿಣ್ವಗಳ ಪಾಠ ಶುರುವಾಗುವುದು ಆ ಹೋಲಿಕೆಯಿಂದ. 1902ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ಸಕ್ಕರೆಗಳ ಉಂಗುರ ರಚನೆಯನ್ನು ಸ್ಪಷ್ಟಪಡಿಸಿದ ಬ್ರಿಟನ್ನಿನ ನಾರ್ಮನ್ ಹಾವರ್ತ್ 1937ರ ನೊಬೆಲ್ ಹಂಚಿಕೊಂಡ.

ಮುಖ್ಯ ಸರಳ ಸಕ್ಕರೆಗಳು

ಗ್ಲೂಕೋಸ್: ಪ್ರಾಣಿಗಳ ರಕ್ತದಲ್ಲಿ ಹರಿಯುವ ಸಕ್ಕರೆ. ಪಿಷ್ಟ, ಸೆಲ್ಯುಲೋಸ್, ಗ್ಲೈಕೊಜೆನ್ ಇವೆಲ್ಲ ಇದರ ಸರಗಳು. ಸುಕ್ರೋಸಿಗಿಂತ ಸಿಹಿ ಕಡಿಮೆ.

ಫ್ರಕ್ಟೋಸ್: ಹಣ್ಣು, ಜೇನುತುಪ್ಪಗಳಲ್ಲಿ ಹೇರಳ. ಸಾಮಾನ್ಯವಾಗಿ ಸಿಗುವ ಸಕ್ಕರೆಗಳಲ್ಲಿ ಇದೇ ಹೆಚ್ಚು ಸಿಹಿ. ಬಿಸಿ ಮಾಡಿದಾಗ ಇದರ ಸಿಹಿ ತಗ್ಗುತ್ತದೆ, ತಂಪಿನಲ್ಲಿ ಏರುತ್ತದೆ. ದೇಹದಲ್ಲಿ ಇದನ್ನು ಹೆಚ್ಚಾಗಿ ಯಕೃತ್ತು ನಿಭಾಯಿಸುತ್ತದೆ.

ಗ್ಯಾಲಕ್ಟೋಸ್: ಗ್ಲೂಕೋಸಿನೊಂದಿಗೆ ಕೂಡಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಆಗುತ್ತದೆ. ಇದನ್ನು ಗ್ಲೂಕೋಸ್ ಆಗಿ ಮಾರ್ಪಡಿಸುವ ಕಿಣ್ವ ಹುಟ್ಟಿನಿಂದಲೇ ಇಲ್ಲದ ಶಿಶುಗಳಿಗೆ ತಾಯಿಯ ಹಾಲೂ ವಿಷವಾಗುತ್ತದೆ. ಗ್ಯಾಲಕ್ಟೊಸೀಮಿಯ ಎಂಬ ಈ ಕಾಯಿಲೆಯನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆಹಚ್ಚಿ, ಲ್ಯಾಕ್ಟೋಸ್ ಇಲ್ಲದ ಆಹಾರ ಕೊಟ್ಟರೆ ಮಗು ಉಳಿಯುತ್ತದೆ.

ರೈಬೋಸ್ ಮತ್ತು ಡಿಆಕ್ಸಿರೈಬೋಸ್: ಐದು ಇಂಗಾಲಗಳ ಸಕ್ಕರೆಗಳು. ಆರ್‌ಎನ್‌ಎ, ಡಿಎನ್‌ಎಗಳ ಬೆನ್ನೆಲುಬು.

ಮ್ಯಾನೋಸ್, ಫ್ಯೂಕೋಸ್, ಸಿಯಾಲಿಕ್ ಆಮ್ಲ: ಇಂಧನವಾಗಿ ಇವುಗಳ ಪಾತ್ರ ಕಡಿಮೆ. ಕೋಶದ ಮೈಮೇಲಿನ ಗುರುತುಗಳಲ್ಲಿ ಇವುಗಳ ಕೆಲಸ ದೊಡ್ಡದು.

ಜೋಡಿ ಸಕ್ಕರೆಗೂ ಸರಳ ಸಕ್ಕರೆಗೂ ಇರುವ ವ್ಯತ್ಯಾಸ ಮಂಡ್ಯ ಕಡೆಯ ಆಲೆಮನೆಯಲ್ಲಿ ಕೈಗೇ ಸಿಗುತ್ತದೆ. ಕಡಿದ ಕಬ್ಬನ್ನು ತಡಮಾಡದೆ ಗಾಣಕ್ಕೆ ಕೊಡಬೇಕೆಂಬುದು ಬೆಲ್ಲ ಕಾಯಿಸುವವರ ಮೊದಲ ಪಾಠ. ಜಲ್ಲೆ ಬಿಸಿಲಲ್ಲಿ ಬಿದ್ದಿದ್ದಷ್ಟೂ ಅದರೊಳಗಿನ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸುಗಳಾಗಿ ಸೀಳುತ್ತ ಹೋಗುತ್ತದೆ. ಕಬ್ಬಿನ ಹಾಲು ಹುಳಿಯಾದರೆ ಕೊಪ್ಪರಿಗೆಯ ಬಿಸಿಯಲ್ಲಿ ಈ ಒಡೆತ ಇನ್ನಷ್ಟು ಜೋರು. ಹುಳಿಯನ್ನು ಮುರಿಯಲು ಸುಣ್ಣದ ತಿಳಿ ಹಾಕುವುದು ಇದಕ್ಕೇ. ಒಡೆದ ಸಕ್ಕರೆ ಹೆಚ್ಚಾದರೆ ಪಾಕ ಅಚ್ಚಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವವನ್ನು ಹೀರಿ ಬೆವರುತ್ತದೆ. ಜೇನುತುಪ್ಪದಲ್ಲೂ ಸುಕ್ರೋಸ್ ಒಡೆಯುವ ಇದೇ ಕ್ರಿಯೆ ನಡೆಯುತ್ತದೆ, ಅಲ್ಲಿ ಅದು ಜೇನ್ನೊಣ ಬೇಕೆಂದೇ ಮಾಡಿದ್ದು. ಮಕರಂದದ ಸುಕ್ರೋಸನ್ನು ನೊಣದ ಕಿಣ್ವ ಒಡೆಯುವುದರಿಂದ ಜೇನು ಅಷ್ಟು ಮಂದವಾಗಿದ್ದೂ ದ್ರವವಾಗಿಯೇ ಉಳಿಯುತ್ತದೆ. ಹಳೆಯ ಜೇನಿನ ಬಾಟಲಿಯ ತಳದಲ್ಲಿ ಕಟ್ಟುವ ಬಿಳಿಯ ಹರಳು ಕಲಬೆರಕೆಯಲ್ಲ. ಫ್ರಕ್ಟೋಸಿಗಿಂತ ಕಡಿಮೆ ಕರಗುವ ಗ್ಲೂಕೋಸ್ ಬೇರೆಯಾಗಿ ಕೂತದ್ದು.

ಎಲೆಯಲ್ಲಿ ಹುಟ್ಟು

ಭೂಮಿಯ ಮೇಲಿನ ಬಹುಪಾಲು ಸಕ್ಕರೆಯ ಮೂಲ ದ್ಯುತಿಸಂಶ್ಲೇಷಣೆ. ಪತ್ರಹರಿತ್ತು ಹಿಡಿದ ಬಿಸಿಲಿನ ಶಕ್ತಿಯನ್ನು ಬಳಸಿ ಹಸಿರು ಕೋಶ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿ ಕಟ್ಟುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್ ಮತ್ತು ಸಂಗಡಿಗರು ವಿಕಿರಣಶೀಲ ಇಂಗಾಲವನ್ನು ಪಾಚಿಗೆ ಉಣಿಸಿ, ಅದು ಯಾವ ಯಾವ ಅಣುಗಳ ಮೂಲಕ ಹಾದುಹೋಗುತ್ತದೆಂದು ಹೆಜ್ಜೆಹೆಜ್ಜೆಗೂ ಹಿಂಬಾಲಿಸಿದರು. ಈ ಕೆಲಸಕ್ಕೆ ಕ್ಯಾಲ್ವಿನ್ 1961ರ ನೊಬೆಲ್ ಪಡೆದರು. ಅವರು ಗುರುತಿಸಿದ ಚಕ್ರಾಕಾರದ ಈ ದಾರಿಯಿಂದ ಮೊದಲು ಹೊರಬರುವ ಸಕ್ಕರೆ ಗ್ಲೂಕೋಸ್ ಅಲ್ಲ, ಫಾಸ್ಫೇಟ್ ಹೊತ್ತ ಮೂರು ಇಂಗಾಲಗಳ ಟ್ರಯೋಸ್. ಅಂಥ ಎರಡು ಸೇರಿದರೆ ಒಂದು ಹೆಕ್ಸೋಸ್ ತಯಾರು. ಎಲೆ ಅದನ್ನು ಪಿಷ್ಟವಾಗಿ ಕೂಡಿಡುತ್ತದೆ, ಇಲ್ಲವೇ ಸುಕ್ರೋಸ್ ಮಾಡಿ ಬೇರು, ಕಾಂಡ, ಕಾಯಿಗಳಿಗೆ ಕಳಿಸುತ್ತದೆ.

ಬೀಜ ಮೊಳೆಯುವಾಗ ಈ ದಾರಿ ಹಿಂದುಮುಂದಾಗುತ್ತದೆ. ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟ ರಾಗಿಯಲ್ಲಿ ಬಿಳಿಯ ಮೊಳಕೆ ಇಣುಕುವ ಹೊತ್ತಿಗೆ ಅಮೈಲೇಸ್ ಎಂಬ ಕಿಣ್ವ ಎಚ್ಚೆತ್ತು, ಪಿಷ್ಟವನ್ನು ಮಾಲ್ಟೋಸ್ ಮತ್ತು ಗ್ಲೂಕೋಸಿಗೆ ಒಡೆಯುತ್ತಿರುತ್ತದೆ. ಎಳೆಯ ಸಸಿಗೆ ಎಲೆ ಬರುವ ತನಕ ಇದೇ ಆಹಾರ. ಮೊಳಕೆ ರಾಗಿಯ ಹಿಟ್ಟಿನ ಗಂಜಿ ಬರೀ ರಾಗಿಯ ಗಂಜಿಗಿಂತ ತೆಳ್ಳಗೂ ಸಿಹಿಯಾಗಿಯೂ ಇರುವುದು, ಕೂಸುಗಳಿಗೆ ಸುಲಭವಾಗಿ ಅರಗುವುದು ಇದರಿಂದಲೇ.

ಕರುಳಿನಿಂದ ಕೋಶಕ್ಕೆ

ಊಟದ ಪಿಷ್ಟವನ್ನು ಒಡೆಯುವ ಕೆಲಸ ಬಾಯಿಯಲ್ಲೇ ಆರಂಭವಾಗುತ್ತದೆ. ಅನ್ನದ ಒಂದು ತುತ್ತನ್ನು ನುಂಗದೆ ಬಹಳ ಹೊತ್ತು ಅಗಿದರೆ ಸಿಹಿ ಹತ್ತುವುದು ಜೊಲ್ಲಿನ ಅಮೈಲೇಸಿನ ಕೈಚಳಕ. ಸಣ್ಣ ಕರುಳಿನಲ್ಲಿ ಎಲ್ಲವೂ ಬಿಡಿ ಸಕ್ಕರೆಗಳಾಗಬೇಕು, ಏಕೆಂದರೆ ಕರುಳಿನ ಗೋಡೆ ದಾಟಬಲ್ಲದ್ದು ಸರಳ ಸಕ್ಕರೆ ಮಾತ್ರ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ದೊಡ್ಡವರಾದ ಮೇಲೆ ಅನೇಕರಲ್ಲಿ ಕಡಿಮೆಯಾಗುತ್ತದೆ. ಅಂಥವರಿಗೆ ಹಾಲು ಕುಡಿದರೆ ಹೊಟ್ಟೆಯುಬ್ಬರ. ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಪಾಲನ್ನು ಆಗಲೇ ಕರಗಿಸಿರುವ ಮೊಸರು ಹೆಚ್ಚಿನವರಿಗೆ ಒಗ್ಗುತ್ತದೆ.

ಕರುಳಿನ ಕೋಶಗಳು ಗ್ಲೂಕೋಸನ್ನು ಸೋಡಿಯಂ ಜೊತೆಗೆ ಒಳಗೆಳೆದುಕೊಳ್ಳುತ್ತವೆ. ಒಂದು ಗ್ಲೂಕೋಸ್ ಅಣುವಿನ ಸಂಗಡ ಎರಡು ಸೋಡಿಯಂ ಅಯಾನುಗಳು ಒಂದೇ ಬಾಗಿಲಲ್ಲಿ ಒಳಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟ ಈ ವಿಚಾರ ಲೆಕ್ಕವಿಲ್ಲದಷ್ಟು ಮಕ್ಕಳ ಜೀವ ಉಳಿಸಿದೆ. ಕಾಲರಾದಲ್ಲಿ ದೇಹ ನೀರು, ಉಪ್ಪುಗಳನ್ನು ಕಳೆದುಕೊಂಡು ಬತ್ತುತ್ತದೆ. ಉಪ್ಪುನೀರನ್ನು ಮಾತ್ರ ಕುಡಿಸಿದರೆ ಅದು ನಿಲ್ಲುವುದಿಲ್ಲ. ಆದರೆ ಗ್ಲೂಕೋಸ್ ಬಾಗಿಲು ಕಾಲರಾದಲ್ಲೂ ಮುಚ್ಚಿರುವುದಿಲ್ಲ. ಉಪ್ಪಿನ ಜೊತೆ ಗ್ಲೂಕೋಸ್ ಬೆರೆಸಿದರೆ ನೀರೂ ಒಳಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬಂಗಾಂವ್‌ನಲ್ಲಿ ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದಾಗ, ವೈದ್ಯ ದಿಲೀಪ್ ಮಹಾಲನಬೀಸ್ ಉಪ್ಪು–ಗ್ಲೂಕೋಸ್ ನೀರನ್ನು ಡ್ರಮ್ಮುಗಳಲ್ಲಿ ಕದಡಿಟ್ಟು, ರೋಗಿಗಳ ಮನೆಮಂದಿಯ ಕೈಯಿಂದಲೇ ಕುಡಿಸಿದರು. ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಇಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಓಆರ್‌ಎಸ್ ಪೊಟ್ಟಣದಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಇರುತ್ತವೆ. ಅಲ್ಲಿ ಗ್ಲೂಕೋಸ್ ಇರುವುದು ರುಚಿಗಾಗಿ ಅಲ್ಲ, ಬಾಗಿಲು ತೆರೆಯಲು.

ಉರುವಲು

180 ಗ್ರಾಂ ಗ್ಲೂಕೋಸ್ ಪೂರ್ತಿ ಉರಿದರೆ ಸುಮಾರು 2,800 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಒಮ್ಮೆಗೇ ಇದು ಹೊರಬಂದರೆ ಕೋಶ ಬೆಂದುಹೋದೀತು. ಆದ್ದರಿಂದ ಕೋಶ ಗ್ಲೂಕೋಸನ್ನು ಹಂತ ಹಂತವಾಗಿ ಬಿಚ್ಚಿ, ಹೊರಬಿದ್ದ ಶಕ್ತಿಯ ಒಂದು ಪಾಲನ್ನು ಎಟಿಪಿ ಎಂಬ ಅಣುವಿನಲ್ಲಿ ಹಿಡಿದಿಡುತ್ತದೆ. ಎಟಿಪಿಯನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್, ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಪ್ರತ್ಯೇಕವಾಗಿ ಕಂಡುಹಿಡಿದರು.

ಒಡೆತದ ಮೊದಲ ಘಟ್ಟ ಗ್ಲೈಕಾಲಿಸಿಸ್, ಹತ್ತು ಮೆಟ್ಟಿಲುಗಳ ದಾರಿ. ಕೋಶದೊಳಗೆ ಬಂದ ಗ್ಲೂಕೋಸಿಗೆ ಮೊದಲು ಒಂದು ಫಾಸ್ಫೇಟ್ ಗುಂಪನ್ನು ಅಂಟಿಸಲಾಗುತ್ತದೆ. ವಿದ್ಯುದಂಶ ಹೊತ್ತ ಅದು ಇನ್ನು ಪೊರೆ ದಾಟಿ ಹೊರಗೆ ಹೋಗಲಾರದು. ಮುಂದೆ ಅದು ಫ್ರಕ್ಟೋಸ್ ರೂಪಕ್ಕೆ ತಿರುಗಿ, ಇನ್ನೊಂದು ಫಾಸ್ಫೇಟ್ ಹೊತ್ತು, ಎರಡು ಟ್ರಯೋಸುಗಳಾಗಿ ಸೀಳುತ್ತದೆ. ಇಲ್ಲಿಯವರೆಗೆ ಕೋಶ ಎರಡು ಎಟಿಪಿಗಳನ್ನು ಬಂಡವಾಳ ಹಾಕಿರುತ್ತದೆ. ಉಳಿದ ಮೆಟ್ಟಿಲುಗಳಲ್ಲಿ ನಾಲ್ಕು ವಾಪಸು ಬರುತ್ತವೆ. ನಿವ್ವಳ ಲಾಭ ಎರಡು. ಕೊನೆಗೆ ಉಳಿಯುವುದು ಪೈರುವೇಟ್ ಎಂಬ ಅಣುವಿನ ಜೋಡಿ. ಆಮ್ಲಜನಕ ಇದ್ದರೆ ಪೈರುವೇಟ್ ಮೈಟೊಕಾಂಡ್ರಿಯಕ್ಕೆ ಹೋಗಿ, ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಚಕ್ರದಲ್ಲಿ ಸುತ್ತಿ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಆಗ ಒಂದು ಗ್ಲೂಕೋಸಿಗೆ ಒಟ್ಟು 30ರಿಂದ 32 ಎಟಿಪಿ ಸಿಗುತ್ತದೆ. ಮೈಟೊಕಾಂಡ್ರಿಯ ಇಲ್ಲದ ಕೆಂಪು ರಕ್ತಕಣ ಮಾತ್ರ ತನ್ನ ಬದುಕಿನುದ್ದಕ್ಕೂ ಆ ಎರಡೇ ಎಟಿಪಿಗಳ ಗಳಿಕೆಯಲ್ಲಿ ಕಾಲ ಹಾಕುತ್ತದೆ. ತಾನು ಹೊತ್ತ ಆಮ್ಲಜನಕದಲ್ಲಿ ಒಂದು ಚೂರನ್ನೂ ಇಂಧನ ಉರಿಸಲು ಬಳಸುವುದಿಲ್ಲ.

ಆಮ್ಲಜನಕ ಸಾಲದಿದ್ದರೆ ಹುದುಗುವಿಕೆ. ಓಡುವ ಸ್ನಾಯುವಿನಲ್ಲಿ ಲ್ಯಾಕ್ಟೇಟ್, ಯೀಸ್ಟಿನಲ್ಲಿ ಆಲ್ಕೊಹಾಲ್ ಉಂಟಾಗುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಪಾತ್ರೆಯ ಅಂಚಿಗೆ ಉಬ್ಬಿ ಬಂದಿರುವುದೂ ಇದರ ಫಲ. ಉದ್ದಿನ ಬೇಳೆಯ ಜೊತೆ ಬಂದ ಲ್ಯುಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯ ಹಿಟ್ಟಿನ ಬಿಡಿ ಸಕ್ಕರೆಗಳನ್ನು ಲ್ಯಾಕ್ಟಿಕ್ ಆಮ್ಲ ಮತ್ತು ಇಂಗಾಲದ ಡೈಆಕ್ಸೈಡಾಗಿ ಒಡೆಯುತ್ತದೆ. ಆಮ್ಲ ಹುಳಿ ಕೊಟ್ಟರೆ ಅನಿಲ ಗುಳ್ಳೆ ಕೊಡುತ್ತದೆ. ಈ ಕೆಲಸಕ್ಕೆ ಜೀವಂತ ಕೋಶವೇ ಬೇಕೆಂದು ಬಹುಕಾಲ ನಂಬಿದ್ದರು. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು ಹಿಂಡಿದ ರಸ ಕೆಡದಿರಲೆಂದು ಸಕ್ಕರೆ ಬೆರೆಸಿದ. ಕೋಶವೇ ಇಲ್ಲದ ಆ ರಸದಲ್ಲಿ ಗುಳ್ಳೆ ಏಳತೊಡಗಿತು. ಕೋಶದ ಕೆಲಸವನ್ನು ಗಾಜಿನ ಪಾತ್ರೆಯಲ್ಲಿ ಕಟ್ಟಿ ನೋಡಬಹುದೆಂಬ ಧೈರ್ಯ ಜೀವರಸಾಯನ ಶಾಸ್ತ್ರಕ್ಕೆ ಬಂದದ್ದು ಆ ಗುಳ್ಳೆಗಳಿಂದ. ಬುಕ್ನರ್‌ಗೆ 1907ರಲ್ಲಿ ನೊಬೆಲ್ ಸಂದಿತು.

ದಾಸ್ತಾನು ಮತ್ತು ಕಟ್ಟಡ

ಬಿಡಿ ಗ್ಲೂಕೋಸನ್ನು ಹಾಗೆಯೇ ತುಂಬಿಟ್ಟರೆ ಅದು ನೀರನ್ನು ಎಳೆದು ಕೋಶವನ್ನು ಒಡೆಯುತ್ತದೆ. ಅದಕ್ಕೆ ಕೋಶಗಳು ಅದನ್ನು ಸರವಾಗಿ ಪೋಣಿಸುತ್ತವೆ. ಗಿಡಗಳಲ್ಲಿ ಅದು ಪಿಷ್ಟ, ಪ್ರಾಣಿಗಳಲ್ಲಿ ಗ್ಲೈಕೊಜೆನ್. ಯಕೃತ್ತಿನಲ್ಲಿ ಗ್ಲೈಕೊಜೆನ್ ಇರುವುದನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1857ರಲ್ಲಿ ತೋರಿಸಿದ. ದೊಡ್ಡವರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೊಜೆನ್ ಇರುತ್ತದೆ. ಸ್ನಾಯುವಿನಲ್ಲಿ ಉಳಿದ ಲ್ಯಾಕ್ಟೇಟ್ ಯಕೃತ್ತಿಗೆ ಹೋಗಿ ಮತ್ತೆ ಗ್ಲೂಕೋಸಾಗಿ ಮರಳುವ ಚಕ್ರವನ್ನು ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ ಕಂಡುಹಿಡಿದರು. 1947ರ ನೊಬೆಲಿನೊಂದಿಗೆ ಗರ್ಟಿ ಕೋರಿ ವೈದ್ಯಕೀಯದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು.

ಪಿಷ್ಟದಲ್ಲಿ ಗ್ಲೂಕೋಸುಗಳು ಆಲ್ಫಾ ಬಂಧದಿಂದ ಕೂಡಿದ್ದು, ಸರ ಸುರುಳಿ ಸುತ್ತುತ್ತದೆ. ಕಿಣ್ವಗಳು ಅದನ್ನು ಬೇಗ ಬಿಡಿಸುತ್ತವೆ. ಬೀಟಾ ಬಂಧದಿಂದ ಕೂಡಿದರೆ ಸರ ನೇರವಾಗಿ ಚಾಚಿ, ಪಕ್ಕದ ಸರಗಳೊಡನೆ ಬಿಗಿದು ಹಗ್ಗದಂಥ ನಾರಾಗುತ್ತದೆ. ಅದು ಸೆಲ್ಯುಲೋಸ್: ಹತ್ತಿ, ಸೆಣಬು, ತೇಗದ ಮರ, ಈ ಅಕ್ಷರಗಳನ್ನು ಹೊತ್ತ ಕಾಗದ. ಹಸು ಮೇಯುವ ಹುಲ್ಲಿನಲ್ಲೂ ನಾವು ಉಣ್ಣುವ ಅನ್ನದಲ್ಲೂ ಇರುವುದು ಅದೇ ಗ್ಲೂಕೋಸ್. ಹುಲ್ಲಿನ ಬಂಧವನ್ನು ಬಿಡಿಸುವ ಕಿಣ್ವ ನಮ್ಮಲ್ಲಿಲ್ಲ; ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಲ್ಲಿದೆ. ಅಣಬೆಯ ಕೋಶಭಿತ್ತಿಯ, ಏಡಿ ಮತ್ತು ಕೀಟಗಳ ಹೊರಕವಚದ ಕೈಟಿನ್ ಕೂಡ ಸಾರಜನಕ ಸೇರಿದ ಗ್ಲೂಕೋಸಿನ ಸರವೇ. ಇಂಥ ಸರಗಳನ್ನು ಹೆಣೆಯುವಾಗ ಕೋಶ ಸಕ್ಕರೆಯನ್ನು ನ್ಯೂಕ್ಲಿಯೊಟೈಡಿಗೆ ಕಟ್ಟಿ ಸಾಗಿಸುತ್ತದೆಂದು ತೋರಿಸಿದ ಅರ್ಜೆಂಟೀನಾದ ಲೂಯಿಸ್ ಲೆಲ್ವಾರ್ 1970ರಲ್ಲಿ ನೊಬೆಲ್ ಪಡೆದರು.

ಆನುವಂಶಿಕ ಬರಹದಲ್ಲಿ

ಆರ್‌ಎನ್‌ಎಯಲ್ಲಿರುವುದು ರೈಬೋಸ್ ಎಂದು ಫೀಬಸ್ ಲೆವೀನ್ 1909ರಲ್ಲೂ, ಡಿಎನ್‌ಎಯಲ್ಲಿರುವುದು ಡಿಆಕ್ಸಿರೈಬೋಸ್ ಎಂದು 1929ರಲ್ಲೂ ಗುರುತಿಸಿದ. ಎರಡಕ್ಕೂ ಇರುವ ಅಂತರ ಎರಡನೆಯ ಇಂಗಾಲದ ಮೇಲಿನ ಒಂದು ಆಮ್ಲಜನಕ ಪರಮಾಣು. ಅದು ಇರುವ ಆರ್‌ಎನ್‌ಎ ಬೇಗ ಮುರಿಯುತ್ತದೆ. ಬಳಸಿ ಬಿಸಾಡುವ ಸಂದೇಶಕ್ಕೆ ಅದು ಸರಿ. ಅದು ಇಲ್ಲದ ಡಿಎನ್‌ಎ ಬಹುಕಾಲ ಬಾಳುತ್ತದೆ. ತಲೆಮಾರುಗಳ ಬರಹಕ್ಕೆ ಅಂಥದೇ ಬೇಕು.

ಕೋಶ ಈ ಪೆಂಟೋಸುಗಳನ್ನು ಗ್ಲೂಕೋಸಿನಿಂದಲೇ ಒಂದು ಪಕ್ಕದಾರಿಯಲ್ಲಿ ತಯಾರಿಸುತ್ತದೆ. ಅದೇ ದಾರಿಯಲ್ಲಿ ಹುಟ್ಟುವ ಎನ್‌ಎಡಿಪಿಎಚ್ ಎಂಬ ಅಣು ಕೆಂಪು ರಕ್ತಕಣಗಳನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯುತ್ತದೆ. ದಾರಿಯ ಮೊದಲ ಕಿಣ್ವವಾದ ಜಿ6ಪಿಡಿ ಕಡಿಮೆ ಇರುವವರು ಜಗತ್ತಿನಲ್ಲಿ ಸುಮಾರು 40 ಕೋಟಿ. ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್ ಮಾತ್ರೆ ಅಂಥವರ ರಕ್ತಕಣಗಳನ್ನು ಒಡೆಯಬಲ್ಲದು. ಆದ್ದರಿಂದಲೇ ವೈದ್ಯರು ಆ ಮಾತ್ರೆಯ ವಿಷಯದಲ್ಲಿ ಎಚ್ಚರ ವಹಿಸುತ್ತಾರೆ. ಇದೇ ಕೊರತೆ ಮಲೇರಿಯಾದ ಉಗ್ರರೂಪದಿಂದ ಸ್ವಲ್ಪ ರಕ್ಷಣೆ ಕೊಡುತ್ತದೆಂಬ ಕಾರಣಕ್ಕೆ ಮಲೇರಿಯಾ ಹಾವಳಿಯ ನಾಡುಗಳಲ್ಲಿ ಅದು ಉಳಿದುಬಂದಿದೆ.

ಕೋಶದ ಮೈಮೇಲಿನ ಗುರುತು

ಜೀವಕೋಶದ ಹೊರಮೈ ಸಕ್ಕರೆಯ ಸರಗಳಿಂದ ಗರಿಗಟ್ಟಿದೆ. ಪ್ರೋಟೀನಿನ ಘಟಕಗಳು ಒಂದರ ಹಿಂದೊಂದು ಸಾಲಾಗಿ ಮಾತ್ರ ಕೂಡಬಲ್ಲವು. ಒಂದು ಸಕ್ಕರೆಯಾದರೋ ಹಲವು ಇಂಗಾಲಗಳಿಂದ, ಆಲ್ಫಾ ಬೀಟಾ ಎರಡೂ ಬಗೆಯಲ್ಲಿ, ಕವಲೊಡೆಯುತ್ತ ಕೂಡುತ್ತದೆ. ಹಾಗಾಗಿ ಕೆಲವೇ ಸಕ್ಕರೆಗಳಿಂದ ಅಸಂಖ್ಯ ಗುರುತುಗಳನ್ನು ಬರೆಯಬಹುದು.

ರಕ್ತದ ಗುಂಪು ಇಂಥ ಗುರುತು. ಕೆಂಪು ರಕ್ತಕಣದ ಮೇಲಿನ ಸರಕ್ಕೆ ಮೊದಲು ಫ್ಯೂಕೋಸ್ ಸೇರುತ್ತದೆ. ಅಷ್ಟಕ್ಕೇ ನಿಂತರೆ ‘ಒ’ ಗುಂಪು. ಅದರ ಮೇಲೆ ಎನ್-ಅಸಿಟೈಲ್ ಗ್ಯಾಲಕ್ಟೊಸಮೀನ್ ಸೇರಿದರೆ ‘ಎ’, ಗ್ಯಾಲಕ್ಟೋಸ್ ಸೇರಿದರೆ ‘ಬಿ’, ಎರಡೂ ಇದ್ದರೆ ‘ಎಬಿ’. ತುದಿಯ ಒಂದು ಸಕ್ಕರೆ ಹೊಂದದ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಮುಂಬಯಿಯ ವೈ. ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಆ ಮೊದಲ ಫ್ಯೂಕೋಸೇ ಇಲ್ಲದ ರಕ್ತವನ್ನು ವರದಿ ಮಾಡಿದರು. ‘ಬಾಂಬೆ ಗುಂಪು’ ಎಂದೇ ಜಗತ್ತಿನಾದ್ಯಂತ ಹೆಸರಾದ ಈ ರಕ್ತದವರಿಗೆ ‘ಒ’ ರಕ್ತವೂ ಆಗದು; ಅದೇ ಗುಂಪಿನ ದಾನಿಯನ್ನೇ ಹುಡುಕಬೇಕು.

ರೋಗಾಣುಗಳೂ ಈ ಗುರುತುಗಳನ್ನು ಓದಬಲ್ಲವು. ಫ್ಲೂ ವೈರಸ್ ಗಂಟಲಿನ ಕೋಶಗಳ ಸಿಯಾಲಿಕ್ ಆಮ್ಲಕ್ಕೆ ಅಂಟಿ ಒಳನುಗ್ಗುತ್ತದೆ. ಮೂತ್ರನಾಳದ ಸೋಂಕು ತರುವ ಈ. ಕೋಲೈ ಬ್ಯಾಕ್ಟೀರಿಯ ಅಲ್ಲಿನ ಮ್ಯಾನೋಸನ್ನು ಹಿಡಿದು ನೇತುಬೀಳುತ್ತದೆ. ಕೋಶದ ಒಳಗೂ ಮ್ಯಾನೋಸಿಗೆ ಕೆಲಸವಿದೆ: ಫಾಸ್ಫೇಟ್ ಹೊತ್ತ ಮ್ಯಾನೋಸ್ ಅಂಟಿದ ಕಿಣ್ವಗಳನ್ನು ಕೋಶ ಲೈಸೊಸೋಮ್ ಎಂಬ ತನ್ನ ಒಳಕೋಣೆಗೆ ಕಳಿಸುತ್ತದೆ, ಪತ್ರಕ್ಕೆ ಬರೆದ ವಿಳಾಸದಂತೆ.

ಸಮತೋಲ ಮತ್ತು ಕಾಯಿಲೆ

ಉಪವಾಸದಲ್ಲಿ ಆರೋಗ್ಯವಂತರ ರಕ್ತದ ಪ್ರತಿ ಡೆಸಿಲೀಟರಿನಲ್ಲಿ 70ರಿಂದ 99 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಐದು ಲೀಟರ್ ರಕ್ತದಲ್ಲಿ ಲೆಕ್ಕ ಹಾಕಿದರೆ ಅದು ನಾಲ್ಕೈದು ಗ್ರಾಂ, ಒಂದು ಟೀ ಚಮಚದಷ್ಟು. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮೆದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ. ಅಂದರೆ ಆ ಒಂದು ಚಮಚ ಖಾಲಿಯಾಗದಂತೆಯೂ ಉಕ್ಕದಂತೆಯೂ ದೇಹ ಹಗಲಿರುಳು ಕಾಯಬೇಕು. ಊಟದ ನಂತರ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಸ್ನಾಯು ಮತ್ತು ಕೊಬ್ಬಿನ ಕೋಶಗಳ ಗ್ಲೂಕೋಸ್ ಬಾಗಿಲುಗಳನ್ನು ಹೊರಪೊರೆಗೆ ತರಿಸುತ್ತದೆ. ಹಸಿದಾಗ ಅದೇ ಗ್ರಂಥಿಯ ಗ್ಲುಕಗಾನ್ ಯಕೃತ್ತಿನ ದಾಸ್ತಾನನ್ನು ಬಿಚ್ಚಿಸುತ್ತದೆ.

ಇನ್ಸುಲಿನ್ ಸಾಲದಿದ್ದರೆ, ಅಥವಾ ಕೋಶಗಳು ಅದಕ್ಕೆ ಓಗೊಡದಿದ್ದರೆ ಮಧುಮೇಹ. ರಕ್ತದ ಗ್ಲೂಕೋಸ್ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರದಲ್ಲಿ ಸಕ್ಕರೆ ಬೀಳುತ್ತದೆ. ಅಂಥ ಮೂತ್ರಕ್ಕೆ ಇರುವೆ ಮುತ್ತುವುದನ್ನು ಪ್ರಾಚೀನ ಆಯುರ್ವೇದ ಗ್ರಂಥಗಳು ಗುರುತಿಸಿದ್ದವು. ರೋಗದ ಹೆಸರಿನಲ್ಲೇ ‘ಮಧು’ ಇದೆ. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ ಮೇಲೆ, ಸಾವೇ ಗತಿಯಾಗಿದ್ದ ಮಕ್ಕಳು ಬದುಕತೊಡಗಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ.

ಕಾವಲಿಯ ಮೇಲೆ ದೋಸೆ ಕೆಂಪಗಾಗುವಾಗ ಹಿಟ್ಟಿನ ಸಕ್ಕರೆ ಪ್ರೋಟೀನಿಗೆ ಅಂಟುತ್ತದೆ. ಫ್ರಾನ್ಸಿನ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆ ದೇಹದ ಬಿಸಿಯಲ್ಲೂ ನಿಧಾನವಾಗಿ ನಡೆಯುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಎಷ್ಟು ಗ್ಲೂಕೋಸ್ ಅಂಟಿದೆ ಎಂದು ಅಳೆಯುವುದೇ ಎಚ್‌ಬಿಎ1ಸಿ ಪರೀಕ್ಷೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುವುದರಿಂದ ಅದು ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾಡಿದ ಪಥ್ಯದಿಂದ ಆ ಲೆಕ್ಕ ಬದಲಾಗದು. ಹೆಚ್ಚಿದ ಗ್ಲೂಕೋಸ್ ಕಣ್ಣು, ಮೂತ್ರಪಿಂಡ, ನರಗಳ ಪ್ರೋಟೀನುಗಳಿಗೂ ಹೀಗೆಯೇ ಅಂಟುವುದು ಮಧುಮೇಹದ ಹಾನಿಗಳ ಕಾರಣಗಳಲ್ಲೊಂದು.

ಇತ್ತೀಚಿನ ಅಧ್ಯಯನ

ಕೋಶದ ಮೈಮೇಲಿನ ಸಕ್ಕರೆಗಳನ್ನು ಜೀವಂತ ಕೋಶದಲ್ಲಿ ಕಾಣುವಂತೆ ಮಾಡುವುದು ಬಹಳ ಕಷ್ಟವಾಗಿತ್ತು. ಕ್ಯಾರೊಲಿನ್ ಬರ್ಟೊಜ್ಜಿ ರಾಸಾಯನಿಕವಾಗಿ ತುಸು ತಿದ್ದಿದ ಸಕ್ಕರೆಯನ್ನು ಕೋಶಕ್ಕೆ ಉಣಿಸಿ, ಅದು ಮೈಮೇಲೆ ಬಂದು ಕೂತ ಮೇಲೆ ಹೊಳೆಯುವ ಅಣುವನ್ನು ಅದಕ್ಕೆ ಜೋಡಿಸುವ ದಾರಿ ತೋರಿಸಿ, 2022ರ ರಸಾಯನ ವಿಜ್ಞಾನ ನೊಬೆಲನ್ನು ಇಬ್ಬರೊಡನೆ ಹಂಚಿಕೊಂಡರು.

ಆಸ್ಪತ್ರೆಯ ಪೆಟ್ ಸ್ಕ್ಯಾನ್ ಕೂಡ ಇಂಥ ತಿದ್ದಿದ ಸಕ್ಕರೆಯನ್ನೇ ನೆಚ್ಚಿಕೊಂಡಿದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಬಾಚಿಕೊಳ್ಳುತ್ತವೆಂದು ಜರ್ಮನಿಯ ಆಟೊ ವಾರ್ಬರ್ಗ್ 1920ರ ದಶಕದಲ್ಲಿ ಗಮನಿಸಿದ್ದ. ಸ್ಕ್ಯಾನಿಗೆ ಮುನ್ನ ರೋಗಿಗೆ ಚುಚ್ಚುವ ಔಷಧದಲ್ಲಿ ಗ್ಲೂಕೋಸಿನ ಎರಡನೆಯ ಇಂಗಾಲದ ಹೈಡ್ರಾಕ್ಸಿಲ್ ತೆಗೆದು, ಸುಮಾರು 110 ನಿಮಿಷಗಳಲ್ಲಿ ಅರ್ಧಕ್ಕಿಳಿಯುವ ವಿಕಿರಣಶೀಲ ಫ್ಲೋರಿನ್ ಕೂರಿಸಿರುತ್ತಾರೆ. ಬಾಗಿಲಿನ ಪ್ರೋಟೀನ್ ಅದನ್ನು ಗ್ಲೂಕೋಸೆಂದೇ ಬಗೆದು ಒಳಬಿಡುತ್ತದೆ, ಮೊದಲ ಕಿಣ್ವ ಫಾಸ್ಫೇಟ್ ಅಂಟಿಸುತ್ತದೆ. ಮುಂದಿನ ಮೆಟ್ಟಿಲಿಗೆ ಆ ಎರಡನೆಯ ಇಂಗಾಲದ ಹೈಡ್ರಾಕ್ಸಿಲ್ ಬೇಕು. ಅದು ಇಲ್ಲದ್ದರಿಂದ ಅಣು ಅಲ್ಲೇ ಸಿಕ್ಕಿಬಿದ್ದು ಬೆಳಗುತ್ತದೆ. ಪರದೆಯ ಮೇಲೆ ಮೆದುಳು, ಹೃದಯ, ಎಲ್ಲಾದರೂ ಗಡ್ಡೆಯಿದ್ದರೆ ಆ ಗಡ್ಡೆ ಮೂಡಿ ಬರುವುದು ಒಂದೇ ಗುಂಪನ್ನು ಬದಲಿಸಿದ ಗ್ಲೂಕೋಸಿನಿಂದ.